ಬಲಗೈ, ಎಡಗಿವಿ ಮತ್ತು ಒಂದು ತಖ್ತೆ

ಎಪ್ಪತ್ತರ ದಶಕದ ನಡುವೆ ನಾನು ಪ್ರಾಥಮಿಕ ಶಾಲೆಗಳ ತಪಾಸಣೆ ಮಾಡುವ ನೌಕರಿಯಲ್ಲಿದ್ದೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕೂ ತಾಲೂಕುಗಳ ಧೂಳನ್ನು ವರ್ಗಾವಣೆಯ ಆದೇಶಕ್ಕನುಸಾರವಾಗಿ ಸರದಿಯ ಮೇಲೆ ಕುಡಿದವನು. ಈಗ ಹೇಳಹೊರಟ ಊರು ಯಾವ ತಾಲೂಕಿನದೆಂದು ಮಾತ್ರ ಹೇಳುವುದಿಲ್ಲ. ಅಲ್ಲಿಯ ಹೆಡ್ ಮಾಸ್ತರರು ನನಗಿಂತ ಪ್ರಾಮಾಣಿಕರಾಗಿದ್ದರು. ಅಂಥವರ ಹೆಸರು ಹೊರಗೆ ಬರಬಾರದು.

ಆ ವರ್ಷ ಮೇಲಿನಿಂದ ಒಂದು ಸುತ್ತೋಲೆ ಬಂತು. ಅಂಗವಿಕಲ ಮಕ್ಕಳನ್ನು ಇನ್ನು ಮುಂದೆ ಬೇರೆ ಮಕ್ಕಳ ಜೊತೆಯಲ್ಲೇ, ಸಾಮಾನ್ಯ ಶಾಲೆಗಳಲ್ಲೇ ಕಲಿಸುವ ವಿಚಾರ ಸರಕಾರಕ್ಕೆ ಇದೆಯೆಂದೂ, ಅದರ ಪೂರ್ವಭಾವಿಯಾಗಿ ಶಾಲೆಯಲ್ಲಿರುವ ಅಂಥ ಮಕ್ಕಳ ಸಂಖ್ಯೆಯನ್ನು ಜೊತೆಗಿಟ್ಟ ತಖ್ತೆಯಲ್ಲಿ ತುಂಬಿ ಕಳಿಸಬೇಕೆಂದೂ ಅದರಲ್ಲಿತ್ತು. ಕಣ್ಣಿಗೊಂದು, ಕಿವಿಗೊಂದು, ಕೈಕಾಲಿಗೊಂದು ಹೀಗೆ ಕಾಲಮ್ಮುಗಳು. ತಾಲೂಕಿನ ಎಲ್ಲ ಶಾಲೆಗಳಿಂದ ತಖ್ತೆ ಬಂದವು. ಎಲ್ಲದರಲ್ಲೂ ಸೊನ್ನೆ. ಸರಕಾರಿ ಕೆಲಸದಲ್ಲಿ ಸೊನ್ನೆಯಷ್ಟು ನೆಮ್ಮದಿ ಕೊಡುವ ಅಂಕಿ ಇನ್ನೊಂದಿಲ್ಲ, ಕೂಡಿಸುವುದಕ್ಕೂ ಸುಲಭ. ಆದರೆ ನನಗೆ ಒಂದು ಕುತೂಹಲ ಹತ್ತಿಕೊಂಡಿತು. ಸಂತೆಗೆ ಹೋದರೆ ಕುಂಟುವವರು ಕಾಣುತ್ತಾರೆ, ಬಸ್ ಸ್ಟ್ಯಾಂಡಿನಲ್ಲಿ ಕಣ್ಣಿಲ್ಲದವರು ಹಾಡುತ್ತಾರೆ. ಇವರೆಲ್ಲ ನೇರವಾಗಿ ದೊಡ್ಡವರಾಗಿಯೇ ಹುಟ್ಟಿದರೇ?

ಈ ಪ್ರಶ್ನೆಯನ್ನು ಹೊತ್ತುಕೊಂಡೇ ನಾನು ಆ ಊರಿಗೆ ತಪಾಸಣೆಗೆ ಹೋದದ್ದು. ಶಾಲೆಯ ಹೊಸ್ತಿಲ ಹೊರಗೆ, ಮಕ್ಕಳ ಚಪ್ಪಲಿಗಳ ನಡುವೆ ಒಬ್ಬ ಹುಡುಗಿ ಕೂತಿದ್ದಳು. ಬಲಗೈ ತೊಡೆಯ ಮೇಲೆ ಬಿದ್ದಿತ್ತು, ಬೇರೆ ಯಾರದೋ ವಸ್ತುವನ್ನು ನೋಡಿಕೊಳ್ಳಲು ಇಟ್ಟುಕೊಂಡ ಹಾಗೆ. ಸಣ್ಣವಳಿದ್ದಾಗ ಜ್ವರ ಬಂದು ಆ ಕೈ ಸೋತಿತ್ತೆಂದು ಆಮೇಲೆ ತಿಳಿಯಿತು. ಒಳಗೆ ಮಗ್ಗಿ ಹೇಳುತ್ತಿದ್ದರು. ಇವಳ ತುಟಿಯೂ ಆಡುತ್ತಿತ್ತು. ಇವಳು ಯಾಕೆ ಹೊರಗೆ ಎಂದು ಹೆಡ್ ಮಾಸ್ತರರನ್ನು ಕೇಳಿದೆ.

"ಇನ್ನೂ ಆರ ತುಂಬಿಲ್ರಿ ಸಾಹೇಬ್ರ" ಎಂದರು.

ಹುಡುಗಿ ನೋಡಿದರೆ ಒಂಬತ್ತಕ್ಕೆ ಕಡಿಮೆಯಿಲ್ಲ. ವಿಚಾರಿಸಿದಾಗ ವಿಷಯ ಬಿಚ್ಚಿಕೊಂಡಿತು. ಹುಟ್ಟಿದ ತಾರೀಖು ಬರೆದಿಡುವ ರೂಢಿ ಯಾವ ಮನೆಯಲ್ಲೂ ಇರಲಿಲ್ಲವಾಗಿ, ಹೆಸರು ಹಚ್ಚಲು ಬಂದ ಮಗುವಿನ ಬಲಗೈಯನ್ನು ನೆತ್ತಿಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟಿಸುತ್ತಿದ್ದರು. ಮುಟ್ಟಿದರೆ ಆರು ವರ್ಷ, ಇಲ್ಲದಿದ್ದರೆ ಬರುವ ವರ್ಷ ಬಾ. ಈ ಹುಡುಗಿ ಸತತ ಮೂರು ಜೂನ್ ತಿಂಗಳಲ್ಲಿ ಬಂದು, ಮೂರು ಸಲವೂ ಕಿವಿ ಮುಟ್ಟದೆ ಮರಳಿದ್ದಳು. ಅವಳಿಗಿಂತ ಎರಡು ವರ್ಷಕ್ಕೆ ಸಣ್ಣವನಾದ ತಮ್ಮ ಮುಟ್ಟಿ ಒಳಗೆ ಹೋಗಿ ಎರಡನೆಯ ಇಯತ್ತೆಯಲ್ಲಿದ್ದ. ಶಾಲೆಯ ದೃಷ್ಟಿಯಲ್ಲಿ ಈಗ ಅವನೇ ಹಿರಿಯ.

ಎಡಗೈಯಿಂದ ಬಲಗಿವಿ ಮುಟ್ಟಿಸಬಹುದಿತ್ತಲ್ಲ ಎಂದೆ. ಮಾಸ್ತರರು ನೊಂದುಕೊಂಡರು. ಹಾಗೆ ಒಬ್ಬರಿಗೆ ಸಡಿಲು ಬಿಟ್ಟರೆ ನಾಳೆ ಎಲ್ಲರೂ ತಮಗೆ ಬೇಕಾದ ಕೈಯಿಂದ ಬೇಕಾದ ಕಿವಿ ಮುಟ್ಟಿಕೊಳ್ಳುತ್ತಾರೆ ಎಂದರು. ಮೇಲಾಗಿ ಒಳಗೆ ಬಂದರೂ ಅವಳು ಎಡಗೈಯಿಂದಲೇ ಬರೆಯಬೇಕು, ಅದು ಶಾಲೆಯಲ್ಲಿ ನಡೆಯುವುದಿಲ್ಲ. ಅವರ ಮುಖದಲ್ಲಿ ದುಷ್ಟತನ ಎಳ್ಳಷ್ಟೂ ಇರಲಿಲ್ಲ. ತಖ್ತೆಯಲ್ಲಿ ಸೊನ್ನೆ ಬರೆದದ್ದೂ ಸತ್ಯವೇ: ಅವರ ಶಾಲೆಯಲ್ಲಿ ಅಂಥ ಮಗು ಇರಲಿಲ್ಲ, ಹೊಸ್ತಿಲ ಹೊರಗೆ ಇತ್ತು.

ಸಾಹೇಬರು ಬಂದ ಸುದ್ದಿ ಹತ್ತಿ ಹುಡುಗಿಯ ತಾಯಿ ಬಂದಳು. ಕುರಿ ಸಾಕುವವರ ಮನೆಯಾಕೆ. ಕೈಯಲ್ಲಿ ಉಣ್ಣೆ ನೂಲುವ ಕದರು, ಮಾತಾಡುವಾಗಲೂ ಅದು ನಿಲ್ಲಲಿಲ್ಲ. ಅತ್ತು ಕರೆದು ಕೇಳಿಕೊಳ್ಳುತ್ತಾಳೆಂದು ನಾನು ಗಂಭೀರವಾದ ಮುಖ ಮಾಡಿಕೊಂಡಿದ್ದೆ. ಅದು ವ್ಯರ್ಥವಾಯಿತು.

"ಕುರಿ ಕಾಯಾಕ ಎರಡ ಕೈ ಬೇಕ್ರಿ, ನೂಲಾಕ ಎರಡ ಬೇಕು, ಕಳೆ ತಗ್ಯಾಕ ಎರಡ ಬೇಕು. ಬರ್ಯಾಕ ಒಂದ ಸಾಕಲ್ಲೇನ್ರಿ? ಅದಕ್ಕ ಸಾಲಿಗಿ ಕಳಸಾಕತ್ತೇನಿ. ಇಲ್ಲೂ ಬ್ಯಾಡಂದ್ರ ಇಕಿ ಏನ ಮಾಡಬೇಕು, ನೀವ ಹೇಳ್ರಿ."

ನಾನು ಮಾಸ್ತರರ ಕಡೆ ತಿರುಗಿ ನೌಕರಶಾಹಿಯ ಪುರಾತನ ಉಪಾಯವನ್ನು ಹೂಡಿದೆ: ನಿಯಮ ಎಲ್ಲಿದೆ, ತೋರಿಸಿ ಎಂದೆ. ಮಾಸ್ತರರು ಉತ್ಸಾಹದಿಂದ ತಗಡಿನ ಪೆಟ್ಟಿಗೆ ತೆರೆದರು. ಊಟದ ಬಿಡುವು ಮುಗಿಯುವವರೆಗೂ ಇಬ್ಬರೂ ಫೈಲುಗಳನ್ನು ತಿರುವಿದೆವು. ಶಾಲೆಯ ಅಂಗಳದಲ್ಲಿ ಎಮ್ಮೆ ಕಟ್ಟಬಾರದೆಂಬ ಆದೇಶ ಸಿಕ್ಕಿತು. ಬ್ರಿಟಿಷರ ಕಾಲದ ಪ್ಲೇಗಿನ ಸೂಚನೆ ಸಿಕ್ಕಿತು. ಕಿವಿಯ ಸುದ್ದಿ ಎಲ್ಲೂ ಇರಲಿಲ್ಲ. ಮಾಸ್ತರರ ಧ್ವನಿ ಇಳಿಯಿತು. ತಮ್ಮ ಗುರುಗಳು ಹಾಗೆ ಮಾಡುತ್ತಿದ್ದರು, ಅದಕ್ಕೆ ತಾವೂ ಹಾಗೇ ಮಾಡುತ್ತ ಬಂದದ್ದು ಎಂದರು.

ಆ ತಿಂಗಳ ಸಭೆಯಲ್ಲಿ ಬೇರೆ ತಾಲೂಕಿನ ಜೊತೆಗಾರರನ್ನೂ ಕೇಳಿದೆ. ಕಿವಿಯ ಪದ್ಧತಿ ಎಲ್ಲ ಕಡೆಗೂ ಇತ್ತು. ಒಬ್ಬರ ಕಡೆ ಮಾತ್ರ ಮುಂದಿನ ಹಲ್ಲು ಬಿದ್ದಿದೆಯೇ ಎಂದೂ ನೋಡುತ್ತಿದ್ದರು, ಮೇಲ್ಮನವಿಯ ಹಾಗೆ. ಆಧಾರ ಯಾರಲ್ಲೂ ಇಲ್ಲ. ಈ ಪದ್ಧತಿಯನ್ನು ನಿಲ್ಲಿಸಲು ಒಂದು ಆದೇಶ ಹೊರಡಿಸಬಹುದೇ ಎಂದು ನಮ್ಮ ಕಚೇರಿಯ ಹಿರಿಯ ಕಾರಕೂನರ ಸಲಹೆ ಕೇಳಿದೆ. ಅವರು ಎಲೆಯಡಿಕೆ ಜಗಿಯುತ್ತಲೇ ಹೇಳಿದರು.

"ಇದ್ದ ನಿಯಮ ರದ್ದ ಮಾಡಬಹುದ್ರಿ ಸಾಹೇಬ್ರ. ಇಲ್ಲದ್ದನ್ನ ಹ್ಯಾಂಗ ರದ್ದ ಮಾಡ್ತೀರಿ?"

ಕಾನೂನು ಸುಧಾರಣೆಯ ಬಗ್ಗೆ ನಾನು ಆಮೇಲೆ ಎಷ್ಟೋ ಭಾಷಣ ಕೇಳಿದ್ದೇನೆ. ಈ ಪ್ರಶ್ನೆಗೆ ಉತ್ತರ ಮಾತ್ರ ಯಾರೂ ಕೊಟ್ಟಿಲ್ಲ.

ಮರುವಾರ ಮತ್ತೆ ಆ ಊರಿಗೆ ಹೋಗಿ, ತಪಾಸಣೆಯ ಟಿಪ್ಪಣಿ ಬರೆಯುವ ಶೇರಾ ಪುಸ್ತಕದಲ್ಲಿ ನನ್ನ ಕೈಯಾರೆ ಬರೆದೆ: "ಕಿವಿ ಮುಟ್ಟುವುದು ವಯಸ್ಸಿಗೆ ಆಧಾರವಲ್ಲ. ತಾಯಿಯ ಹೇಳಿಕೆ ತೆಗೆದುಕೊಂಡು ಈ ಮಗುವಿನ ಹೆಸರು ದಾಖಲಿಸಬೇಕು. ಎಡಗೈಯಿಂದ ಬರೆಯಲು ಅಡ್ಡಿಯಿಲ್ಲ." ನನಗೆ ಅಷ್ಟು ಅಧಿಕಾರವಿತ್ತೋ ಇಲ್ಲವೋ, ಇಂದಿಗೂ ಸಂಶಯ. ಆದರೆ ಮಸಿ ಕೆಂಪಿತ್ತು. ಮಾಸ್ತರರು ಎರಡು ಸಲ ಓದಿದರು, ಭುಜದಿಂದ ಗೋಣಿಚೀಲ ಇಳಿಸಿದವರಂತೆ ಉಸಿರು ಬಿಟ್ಟರು, ಹಾಜರಿ ಪುಸ್ತಕ ತೆಗೆದು ಹೆಸರು ಬರೆದರು. ಹುಡುಗಿ ಹೊಸ್ತಿಲು ದಾಟಿದಳು. ತಖ್ತೆ ತಿದ್ದಿ ಕಳಿಸಿದೆವು: ಒಂದು.

ತಿಂಗಳೊಳಗೆ ಮೇಲಿನಿಂದ ಮೆಮೊ ಬಂತು. ತಾಲೂಕಿನ ಉಳಿದೆಲ್ಲ ಶಾಲೆಗಳಲ್ಲಿ ಅಂಗವಿಕಲ ಮಕ್ಕಳಿಲ್ಲದಿರುವಾಗ ಈ ಒಂದೇ ಶಾಲೆಯಲ್ಲಿ, ಅದೂ ವರ್ಷದ ನಡುವೆ, ಒಂದು ಮಗು ಹೇಗೆ ಉಂಟಾಯಿತು? ಮುಖ್ಯಾಧ್ಯಾಪಕರು ವಿವರಣೆ ಕೊಡತಕ್ಕದ್ದು. ನಮ್ಮ ಮಾಸ್ತರರು ಮೆಮೊ ಎಂದರೆ ನಡುಗುವ ಮನುಷ್ಯ. ಹೆಸರು ಹೊಡೆದುಹಾಕಿ ಸೊನ್ನೆಗೆ ಮರಳುವುದು ಅವರಿಗೆ ಒಂದು ಗೆರೆಯ ಕೆಲಸ. ಆವತ್ತೇ ಕೆಂಪು ಬಸ್ಸು ಹತ್ತಿದೆ.

ಹುಡುಗಿ ಒಳಗೇ ಇದ್ದಳು. ಒಂದೇ ಕೈಯಿಂದ ಬರೆಯುವವರಿಗೆ ಪಾಟಿ, ಅಂದರೆ ಸ್ಲೇಟು, ಜಾರುತ್ತದೆ, ಅದನ್ನು ಹಿಡಿಯಲು ಇನ್ನೊಂದು ಕೈ ಬೇಕಾಗುತ್ತದೆ. ತಾಯಿಯ ವಾದದಲ್ಲಿ ಈ ಲೋಪವಿತ್ತು, ನನಗೂ ಹೊಳೆದಿರಲಿಲ್ಲ. ಮಾಸ್ತರರು ಊರ ಬಡಿಗನಿಂದ ಒಂದು ಹಲಗೆಗೆ ಮೂರು ಕಡೆ ಪಟ್ಟಿ ಬಡಿಸಿದ್ದರು. ಅದರ ನಡುವೆ ಪಾಟಿ ಮಿಸುಕಾಡದೆ ಕೂತಿತ್ತು. ಎಡಗೈಯ ಅಕ್ಷರಗಳು, ಉಳುವ ಎತ್ತು ಸಾಲಿನ ಕೊನೆಗೆ ತಿರುಗಿದ ಹಾಗೆ, ಹಿಂದುಮುಂದಾಗಿ ತಿರುಗಿದ್ದವು, ಆದರೆ ಓದಲು ಬರುತ್ತಿದ್ದವು.

ವಿವರಣೆ ಬರೆದಾಗಿದೆಯೆಂದು ಮಾಸ್ತರರು ಹಾಳೆ ಕೊಟ್ಟರು. ಎರಡೇ ಸಾಲು. "ಸದರಿ ಮಗು ಮೂರು ವರ್ಷದಿಂದ ಶಾಲೆಯ ಹೊರಗೆ ಕೂಡುತ್ತಿತ್ತು. ಈಗ ಒಳಗೆ ಕೂಡುತ್ತದೆ."

ನಾನು ಸಹಿ ಮಾಡುವಾಗ ಅವರು ಕೇಳಿದರು.

"ಊರಾಗ ಇನ್ನೂ ಇಬ್ಬರು ಅದಾರ್ರಿ. ಒಬ್ಬಾಂವಗ ಕಣ್ಣಿಲ್ಲ, ಒಬ್ಬಾಕಿಗೆ ಕಿವಿ ಕೇಳಂಗಿಲ್ಲ. ಅವರಿಗಿ ಹ್ಯಾಂಗ ಕಲಸಬೇಕು ಅಂತ ಸುತ್ತೋಲ್ಯಾಗ ಏನರ ಐತೇನ್ರಿ?"

ಇಲ್ಲ, ಎಣಿಸಬೇಕೆಂದು ಮಾತ್ರ ಇದೆ ಎಂದೆ.

ಅವರು ಹಲಗೆಯ ಪಟ್ಟಿ ಗಟ್ಟಿಯಿದೆಯೇ ಎಂದು ಅಲುಗಿಸಿ ನೋಡಿದರು. ಬಳಿಕ, ನಾಳೆ ಅವರಿಬ್ಬರ ಮನೆಗೂ ಹೋಗಿ ಬರುತ್ತೇನೆ, ತಖ್ತೆಯ ಇನ್ನೊಂದು ಪ್ರತಿ ಇದ್ದರೆ ಬಿಟ್ಟು ಹೋಗಿರಿ ಎಂದರು.