ಓದಲು ಬಾರದ ಅಕ್ಷರಕ್ಕೆ ಹಾಕಿದ ಸಹಿ

ಇದನ್ನು ಬರೆಯಬೇಕೆಂದು ಕೂತು, ಬರೆಯದೆ ಎದ್ದದ್ದು ಎಷ್ಟೋ ಸಲ. ಕೆಲಸದಲ್ಲಿದ್ದಾಗ ನಿವೃತ್ತಿಯಾಗಲಿ ಎಂದುಕೊಂಡೆ. ನಿವೃತ್ತಿಯಾದ ಮೇಲೆ ಕಣ್ಣಿನ ಆಪರೇಷನ್ ಮುಗಿಯಲಿ ಎಂದುಕೊಂಡೆ. ಈಗ ನನಗೆ ಅರವತ್ನಾಲ್ಕು. ಕಣ್ಣು ಚೆನ್ನಾಗಿಯೇ ಕಾಣುತ್ತಿದೆ, ನೆಪಗಳು ಉಳಿದಿಲ್ಲ.

2018ನೇ ಇಸವಿ. ತಮಿಳುನಾಡಿನ ಗಡಿಯ ಹೊಸೂರಿನ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ನಾನು ಲೇಬಲ್ ವಿಭಾಗದ ಮೇಲ್ವಿಚಾರಕನಾಗಿದ್ದೆ. ಲೋಹದ ತಗಡನ್ನು ಒತ್ತಿ ಆಕಾರ ಕೊಡುವ ಪ್ರೆಸ್ ಯಂತ್ರಗಳು ಅಲ್ಲಿ ತಯಾರಾಗುತ್ತಿದ್ದವು. ಪ್ರತಿ ಯಂತ್ರದ ಮೇಲೂ ಹಳದಿ ಬಣ್ಣದ ಎಚ್ಚರಿಕೆಯ ಲೇಬಲ್ ಇರಬೇಕು: ಕೈ ಒಳಗಿಡುವ ಮುಂಚೆ ಕರೆಂಟ್ ಆಫ್ ಮಾಡಿ, ಇಬ್ಬರು ಒಟ್ಟಿಗೆ ನಡೆಸಬೇಡಿ, ಇಂಥವು. ಯಂತ್ರ ಯಾವ ದೇಶಕ್ಕೆ ಹೋಗುತ್ತದೋ ಆ ದೇಶದ ಭಾಷೆಯಲ್ಲೇ ಅದು ಇರಬೇಕು. ನಮ್ಮ ಯಂತ್ರಗಳು ಹೆಚ್ಚಾಗಿ ಹೋಗುತ್ತಿದ್ದದ್ದು ಜಪಾನ್, ಕೊರಿಯಾ, ಚೀನಾಗಳಿಗೆ.

ನಾನು ಓದಿದ್ದು ಹತ್ತನೇ ತರಗತಿ. ಅದರ ಮೇಲೆ ಇಂಗ್ಲಿಷ್, ತಮಿಳು ಎರಡರಲ್ಲೂ ಟೈಪಿಂಗ್ ಹೈಯರ್ ಗ್ರೇಡ್ ಪಾಸು ಮಾಡಿದ್ದೆ. ಕೀಬೋರ್ಡ್ ನೋಡದೆ ಹೊಡೆಯುತ್ತೇನೆ ಎಂಬ ಹೆಮ್ಮೆ ಮೂವತ್ತು ವರ್ಷ ನನ್ನನ್ನು ನಡೆಸಿತ್ತು. ಆ ಹೆಮ್ಮೆ ಈ ಮೂರು ಭಾಷೆಗಳ ಮುಂದೆ ಕೆಲಸಕ್ಕೆ ಬರಲಿಲ್ಲ. ಸಾವಿರಾರು ಅಕ್ಷರಗಳಿಗೆ ಅಷ್ಟು ಕೀಲಿಗಳನ್ನು ಎಲ್ಲಿಂದ ತರುವುದು? ನನಗೆ ಅರ್ಥವಾಗಲಿಲ್ಲ, ಕಲಿಯಲೂ ಹೋಗಲಿಲ್ಲ.

ಕಲಿತದ್ದು ಲೇಬಲ್ ಅಂಟಿಸಲು ಬಂದಿದ್ದ ಒಬ್ಬ ಹೆಣ್ಣುಮಗಳು. ಸಾನಮಾವು ಕಾಡಿನ ಅಂಚಿನ ಹಳ್ಳಿಯವರು, ಮನೆಯಲ್ಲಿ ಕನ್ನಡ, ಓದಿದ್ದು ತಮಿಳಿನಲ್ಲಿ ಪ್ಲಸ್ ಟೂ ತನಕ. ವಯಸ್ಸು ಮೂವತ್ತರ ಆಚೀಚೆ. ಕಾಂಟ್ರಾಕ್ಟ್ ಕೆಲಸ. ಕಾರ್ಖಾನೆಯಲ್ಲಿ ಎಲ್ಲರೂ ಆಕೆಯನ್ನು 'ಲೇಬಲಮ್ಮ' ಎಂದು ಕರೆಯುತ್ತಿದ್ದರು. ನಾನೂ ಹಾಗೇ ಕರೆಯುತ್ತಿದ್ದೆ.

ಫೋನಿನಲ್ಲಿ ವಿಡಿಯೋ ನೋಡಿ ಕಲಿತೆ ಎಂದು ಆಕೆ ಹೇಳಿದರು. ಜಪಾನಿ ಪದದ ಉಚ್ಚಾರಣೆಯನ್ನು ಇಂಗ್ಲಿಷ್ ಕೀಲಿಗಳಲ್ಲಿ ಹೊಡೆದು ಸ್ಪೇಸ್ ಒತ್ತಿದರೆ, ಆ ಉಚ್ಚಾರಣೆಗೆ ಹೊಂದುವ ಅಕ್ಷರಗಳ ಪಟ್ಟಿ ಕರ್ಸರಿನ ಕೆಳಗೆ ತೆರೆದುಕೊಳ್ಳುತ್ತದೆ. ಅದರಲ್ಲಿ ನಮಗೆ ಬೇಕಾದ್ದನ್ನು ಆರಿಸಿಕೊಳ್ಳಬೇಕು. ಚೀನಿಯೂ ಹೆಚ್ಚುಕಡಿಮೆ ಹೀಗೆ. "ಕೊರಿಯಾದ್ದು ಬಲು ಸಲೀಸು ಸಾರ್," ಎಂದು ಒಮ್ಮೆ ಹೇಳಿದ್ದರು. "ನಮ್ಮ ಕಾಗುಣಿತದಂಗೇಯ. ವ್ಯಂಜನ ಒತ್ತಿ, ಸ್ವರ ಒತ್ತಿದ್ರೆ ಎಲ್ಡೂ ಒಂದೇ ಮನೇಲಿ ಸೇರ್ಕಂತವೆ."

ಅರ್ಥ ಆಕೆಗೂ ಗೊತ್ತಿರಲಿಲ್ಲ. ಅದಕ್ಕೆ ಒಂದು ನೋಟ್‌ಬುಕ್ ಮಾಡಿಕೊಂಡಿದ್ದರು. ಒಂದೊಂದು ಅಕ್ಷರಕ್ಕೂ ತಮ್ಮದೇ ಹೆಸರು: ಏಣಿ, ಜೋಡಿ ಬಾಗಿಲು, ಮೂರು ಮರ, ಕಾಲು ಚಾಚಿ ಕೂತ ಮುದುಕಿ. ಪಕ್ಕದಲ್ಲಿ ಯಾವ ಕೀಲಿಗಳನ್ನು ಹೊಡೆದರೆ ಅದು ಬರುತ್ತದೆ ಎಂಬ ಟಿಪ್ಪಣಿ. ಕೊನೆಗೆ ಪ್ರಿಂಟ್ ತೆಗೆದು, ಗಿರಾಕಿ ಕಂಪನಿ ಕಳಿಸಿದ ಮಾದರಿಯನ್ನು ಅದರ ಹಿಂದಿಟ್ಟು, ಎರಡನ್ನೂ ಕಿಟಕಿಯ ಗಾಜಿಗೆ ಒತ್ತಿ ಹಿಡಿದು ಬೆಳಕಿನಲ್ಲಿ ನೋಡುತ್ತಿದ್ದರು. ಗೆರೆಯ ಮೇಲೆ ಗೆರೆ ಕೂತರೆ ಸರಿ. ಓದಲು ಬಾರದವರು ಮಾಡಬಹುದಾದ ಪರೀಕ್ಷೆ ಅದೊಂದೇ. ರಿಜಿಸ್ಟರಿನಲ್ಲಿ 'ಟೈಪ್ ಮಾಡಿದವರು' ಎಂಬಲ್ಲಿ ಆಕೆಯ ಸಹಿ, 'ಪರಿಶೀಲಿಸಿದವರು' ಎಂಬಲ್ಲಿ ನನ್ನ ಸಹಿ. ಗಾಜಿಗೆ ಹಿಡಿದು ನೋಡುವುದು ನಿಯಮದ ಪ್ರಕಾರ ನನ್ನ ಕೆಲಸ. ಮಾಡುತ್ತಿದ್ದದ್ದು ಆಕೆ.

ಆ ತಿಂಗಳು ನಮ್ಮ ವಿಭಾಗದಿಂದ ಒಬ್ಬರನ್ನು ಪರ್ಮನೆಂಟ್ ಮಾಡುವುದೆಂದು ಆಗಿತ್ತು. ಆಕೆಯ ಹೆಸರನ್ನು ನಾನೇ ಬರೆದು ಕಳಿಸಿದ್ದೆ. ಪರ್ಮನೆಂಟ್ ಆದವರಿಗೆ ಮಾತ್ರ ಕಂಪನಿ ಬಸ್ಸು. ಕಾಂಟ್ರಾಕ್ಟಿನವರು ತಮ್ಮ ದಾರಿ ತಾವೇ ನೋಡಿಕೊಳ್ಳಬೇಕು. ಆಕೆ ಸಂಜೆ ಕಾಡಿನ ಪಕ್ಕದ ರಸ್ತೆಯಲ್ಲಿ ಮೊಪೆಡ್ಡಿನಲ್ಲಿ ಹೋಗುತ್ತಿದ್ದರು.

"ಹೋದ ವಾರ ಒಂಟಿ ಸಲಗ ರೋಡ್ ಮಧ್ಯದಾಗೇ ನಿಂತ್ಬುಟ್ಟಿತ್ತು ಸಾರ್. ಗಾಡಿ ಆಫ್ ಮಾಡಿ ಉಸ್ರು ಬಿಡದಂಗೆ ನಿಂತಿದ್ದೆ. ಮನೇಲಿ ಅತ್ತೆ, ಇನ್ನೊಂದ್ ಸಲ ಹಿಂಗಾದ್ರೆ ಕೆಲ್ಸ ಬಿಟ್ಬುಡು ಅಂತ ಅಂದ್ಬುಟ್ಟವ್ರೆ. ಬಸ್ಸು ಒಂದು ಸಿಕ್ಬುಟ್ರೆ ಸಾಕು ಸಾರ್."

"ಸಿಗುತ್ತೆ ಬಿಡಮ್ಮ," ಎಂದಿದ್ದೆ.

ಘಟನೆ ನಡೆದ ದಿನ ಜಪಾನಿಗೆ ಎಂಬತ್ನಾಲ್ಕು ಯಂತ್ರಗಳು ಹೊರಡಬೇಕಿತ್ತು. ಎರಡು ಸಾಲುಗಳನ್ನು ಬದಲಿಸಲು ಗಿರಾಕಿ ಕಂಪನಿ ಹೇಳಿತ್ತು. ಆಕೆ ಬೆಳಿಗ್ಗೆ ಚೀನಾದ ಒಂದು ಫೈಲ್ ನೋಡುವ ಮೊದಲೇ ಜಪಾನಿನ ಆ ಎರಡು ಸಾಲುಗಳನ್ನು ಟೈಪ್ ಮಾಡಿ, ರಿಜಿಸ್ಟರಿನಲ್ಲಿ ಸಹಿ ಹಾಕಿ ಇಟ್ಟಿದ್ದರು. ಒಂದು ಗಂಟೆಗೆ ಊಟಕ್ಕೆ ಹೊರಡುವಾಗ ಹೇಳಿದರು: "ಸಾರ್, ಜಪಾನಿಂದು ರೆಡಿ ಐತೆ. ಬಂದು ಗಾಜಿಗೆ ಹಿಡಿದ್ ನೋಡ್ತೀನಿ, ಆಮೇಲೆ ಪ್ರಿಂಟ್ ಕೊಡಾಣ. ಅರ್ಧ ಗಂಟೆ."

ಆಕೆ ಹೋದ ಐದು ನಿಮಿಷಕ್ಕೆ ಡಿಸ್ಪ್ಯಾಚಿನ ಚಂದ್ರಪ್ಪ ಇಂಟರ್‌ಕಾಮ್‌ನಲ್ಲಿ ಬಂದ. "ಏನ್ ಟೈಪಿಸ್ಟಣ್ಣ, ಲಾರಿ ನಿಂತ್ ನಿಂತ್ ಬೇರು ಬಿಡ್ತಾ ಐತೆ. ಲೇಬಲ್ ಎಲ್ಲಿ?"

"ಆಯಮ್ಮ ಊಟಕ್ಕೆ ಹೋಗವ್ಳೆ ಕಣಯ್ಯ. ಬರ್ಲಿ."

"ಅಂಗಾರೆ ನೀನ್ಯಾಕಣ್ಣ ಅಲ್ಲಿ ಕೂತಿರೋದು? ಸೂಪರ್‌ವೈಜರ್ರಾ, ಇಲ್ಲ ಆಯಮ್ಮನ ಟಿಫನ್ ಕ್ಯಾರಿಯರ್ ಕಾಯಾಕಾ?" ಎಂದು ನಕ್ಕು ಫೋನ್ ಇಟ್ಟ.

ತಮಾಷೆಯ ಮಾತು. ನಗಬಹುದಿತ್ತು. ನಾನು ಎದ್ದು ಹೋಗಿ ಆಕೆಯ ಕಂಪ್ಯೂಟರಿನ ಮುಂದೆ ಕೂತೆ.

ಇಲ್ಲಿ ಒಂದು ವಿಷಯ ವಿವರಿಸಬೇಕು. ಕಂಪ್ಯೂಟರ್ ಅಕ್ಷರಗಳನ್ನು ಅಂಕಿಗಳಾಗಿ ಇಟ್ಟುಕೊಳ್ಳುತ್ತದೆ. ಯಾವ ಅಂಕಿಗೆ ಯಾವ ಅಕ್ಷರ ಎಂಬ ಪಟ್ಟಿಗೆ ಎನ್‌ಕೋಡಿಂಗ್ ಎನ್ನುತ್ತಾರೆ. ಜಪಾನಿಗೆ ಒಂದು ಹಳೆಯ ಪಟ್ಟಿ ಇದೆ, ಚೀನಾಗೆ ಇನ್ನೊಂದು. ಜಪಾನಿನ ಫೈಲನ್ನು ಚೀನಾದ ಪಟ್ಟಿ ಹಿಡಿದು ತೆರೆದರೆ ಟೆಕ್ಸ್ಟ್ ಎಡಿಟರ್ ಯಾವ ದೂರನ್ನೂ ಹೇಳುವುದಿಲ್ಲ. ಅದೇ ಅಂಕಿಗಳಿಗೆ ಚೀನಾದ ಬೇರೆ ಅಕ್ಷರಗಳನ್ನು ತೋರಿಸುತ್ತದೆ. ಸಾಲು ತುಂಬ ಒತ್ತೊತ್ತಾದ ಅಕ್ಷರಗಳು, ಅರ್ಥ ಮಾತ್ರ ಏನೂ ಇಲ್ಲ. ಆಕೆ ಬೆಳಿಗ್ಗೆ ಕೊನೆಗೆ ತೆರೆದದ್ದು ಚೀನಾದ ಫೈಲ್. ಎಡಿಟರ್ ಅದೇ ಸೆಟ್ಟಿಂಗಿನಲ್ಲಿತ್ತು. ನಾನು ಜಪಾನಿನ ಫೈಲನ್ನು ಹಾಗೆಯೇ ತೆರೆದೆ. ಪರದೆ ತುಂಬ ಅಕ್ಷರಗಳು ಬಂದವು. ಪ್ರಿಂಟರಿಗೆ ಕೊಡಲು, ಎಲ್ಲ ಭಾಷೆಗೂ ಒಗ್ಗುವ ಯುಟಿಎಫ್-8 ಎಂಬ ಪಟ್ಟಿಗೆ ಬದಲಿಸಿ ಸೇವ್ ಮಾಡಿದೆ. ಆಕೆ ಮಾಡುವುದನ್ನು ಹಿಂದೆ ನಿಂತು ನೋಡಿದ್ದೆನಲ್ಲ, ಅಷ್ಟು ಗೊತ್ತಿತ್ತು. ಅಲ್ಲಿಗೆ ಸರಿಯಾದ ಫೈಲ್ ಅಳಿಸಿ ಹೋಗಿ ಈ ಅರ್ಥವಿಲ್ಲದ್ದೇ ಉಳಿಯಿತು.

ಜಪಾನಿಯಲ್ಲಿ ಒತ್ತೊತ್ತು ಅಕ್ಷರಗಳ ನಡುವೆ ನಮ್ಮವುಗಳಂತೆ ಬಳುಕುವ ಸಣ್ಣ ಅಕ್ಷರಗಳೂ ಇರುತ್ತವೆ ಎಂದು ಆಕೆ ಎಷ್ಟೋ ಸಲ ಹೇಳಿದ್ದರು. ನನ್ನ ಮುಂದಿದ್ದ ಪುಟದಲ್ಲಿ ಬಳುಕುವ ಅಕ್ಷರ ಒಂದೂ ಇರಲಿಲ್ಲ. ನೋಡಿದ್ದರೆ ಕಾಣುತ್ತಿತ್ತು. ಮಾದರಿಯ ಹಾಳೆ ಅಲ್ಲೇ ಮೇಜಿನ ಮೇಲಿತ್ತು, ಕಿಟಕಿಯೂ ಎರಡು ಹೆಜ್ಜೆ ದೂರ. ಎಂಬತ್ನಾಲ್ಕು ಲೇಬಲ್ ಪ್ರಿಂಟ್ ಕೊಟ್ಟು, ರಿಜಿಸ್ಟರಿನಲ್ಲಿ ಪರಿಶೀಲಿಸಿದೆ ಎಂದು ಸಹಿ ಹಾಕಿದೆ. ಆಕೆ ಬರುವಷ್ಟರಲ್ಲಿ ಲೇಬಲ್‌ಗಳು ಹೋಗಿದ್ದವು.

"ನಾನೇ ನೋಡಿ ಕಳಿಸ್ದೆ ಕಣಮ್ಮ," ಎಂದೆ.

"ಗಾಜಿಗೆ ಹಿಡಿದ್ರಾ ಸಾರ್?"

"ನೋಡ್ದೆ ಅಂದ್ನಲ್ಲ."

ಆಕೆ ಮೇಜಿನ ಮೇಲಿದ್ದ ಮಾದರಿಯ ಹಾಳೆಯನ್ನು ಫೈಲಿಗೆ ಸೇರಿಸಿದರು.

ಆರು ವಾರಗಳ ಮೇಲೆ ಜಪಾನಿನಿಂದ ಫೋಟೋ ಸಮೇತ ಇ-ಮೇಲ್ ಬಂತು. ಲೇಬಲ್ಲಿನಲ್ಲಿ ಜಪಾನಿ ಪದ ಒಂದೂ ಇಲ್ಲ, ಯಂತ್ರ ನಡೆಸುವವರ ಕೈಗೆ ಅಪಾಯವಿದೆ, ಹೊಸ ಲೇಬಲ್ ಬರುವ ತನಕ ಯಾವ ಯಂತ್ರವನ್ನೂ ಚಾಲೂ ಮಾಡುವುದಿಲ್ಲ ಎಂದಿತ್ತು. ಯಾರ ಕೈಗೂ ಏಟಾಗಲಿಲ್ಲ. ಅದೊಂದೇ ಸಮಾಧಾನ.

ಮರುದಿನ ವಿಚಾರಣೆ. ಮ್ಯಾನೇಜರ್ ತಮಿಳಿನವರು, ಕೂಗಾಡುವ ಮನುಷ್ಯನಲ್ಲ. ಫೈಲ್ ಸೇವ್ ಆದ ಸಮಯ ಮಧ್ಯಾಹ್ನ ಒಂದು ಹನ್ನೆರಡು ಎಂದು ಕಂಪ್ಯೂಟರ್ ತೋರಿಸುತ್ತಿತ್ತು, ಲಾಗಿನ್ ಆಕೆಯದು. ಆ ಹೊತ್ತಿಗೆ ತಾನು ಊಟಕ್ಕೆ ಹೋಗಿದ್ದೆ ಎಂದು ಆಕೆ ಹೇಳಿದರು. ಮ್ಯಾನೇಜರ್ ಕ್ಯಾಂಟೀನಿನ ಪಂಚಿಂಗ್ ದಾಖಲೆ ತರಿಸಿದರು. ಅದರಲ್ಲಿ ಆಕೆಯ ಹೆಸರು ಇರಲು ಸಾಧ್ಯವೇ ಇರಲಿಲ್ಲ. ಕ್ಯಾಂಟೀನ್ ಪರ್ಮನೆಂಟಿನವರಿಗೆ. ಕಾಂಟ್ರಾಕ್ಟಿನ ಹೆಂಗಸರು ಸೈಕಲ್ ಸ್ಟ್ಯಾಂಡಿನ ಪಕ್ಕ ಹೊಂಗೆ ಮರದ ಕೆಳಗೆ ಡಬ್ಬಿ ಬಿಚ್ಚುತ್ತಿದ್ದರು. ಅಲ್ಲಿ ಯಾವ ಯಂತ್ರವೂ ಹೆಸರು ಬರೆದುಕೊಳ್ಳುತ್ತಿರಲಿಲ್ಲ. ಜೊತೆಯಲ್ಲಿ ಉಂಡವರನ್ನು ಕೇಳಿ ಎಂದರು. ಅವರೆಲ್ಲ ಒಂದೇ ಊರಿನವರು, ಒಬ್ಬರನ್ನೊಬ್ಬರು ಬಿಟ್ಟುಕೊಡುವುದಿಲ್ಲ ಎಂದು ಪರ್ಸನೆಲ್ ಆಫೀಸರ್ ತಳ್ಳಿಹಾಕಿದರು.

ಅಷ್ಟು ಹೊತ್ತು ತಮಿಳಿನಲ್ಲಿ ಮಾತಾಡುತ್ತಿದ್ದ ಆಕೆ ನನ್ನ ಕಡೆ ತಿರುಗಿ ಕನ್ನಡದಲ್ಲಿ ಕೇಳಿದರು. "ಸಾರ್, ಒಂದು ಗಂಟೆಗೆ ನಿಮ್ಗೆ ಹೇಳ್ಬುಟ್ಟೇ ಹೋದ್ನಲ್ಲ. ಇವ್ರಿಗೆ ಅಷ್ಟ್ ಒಂದ್ ಮಾತು ಹೇಳಿ ಸಾರ್."

ನನ್ನ ನಿವೃತ್ತಿಗೆ ಹದಿನಾಲ್ಕು ತಿಂಗಳಿತ್ತು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ನಾನು ಮ್ಯಾನೇಜರಿಗೆ ತಮಿಳಿನಲ್ಲಿ ಹೇಳಿದೆ: "ಆ ಹೊತ್ತಿನಲ್ಲಿ ಈಕೆ ಎಲ್ಲಿದ್ದರೆಂದು ನಾನು ಗಮನಿಸಲಿಲ್ಲ. ನನಗೆ ತೋರಿಸಿದ ಪ್ರಿಂಟ್ ಸರಿಯಾಗಿತ್ತು. ಆಮೇಲೆ ಬೇರೆ ಫೈಲ್ ಕೊಟ್ಟಿರಬೇಕು."

ಹೆದರಿಕೆಯಿಂದ ಹಾಗೆ ಹೇಳಿದೆ ಎಂದು ಬರೆದರೆ ಅರ್ಧ ಸುಳ್ಳಾಗುತ್ತದೆ. ಟೈಪಿಂಗ್‌ನಲ್ಲಿ ನನ್ನನ್ನು ಮೀರಿದವಳು ಸೋತಳು ಎಂಬ ಹಗುರವೂ ಆ ಕ್ಷಣ ಮನಸ್ಸಿನಲ್ಲಿತ್ತು. ಅದನ್ನು ಈವರೆಗೆ ಹೆಂಡತಿಗೂ ಹೇಳಿಲ್ಲ.

ಆ ವಾರವೇ ಆಕೆಯನ್ನು ತೆಗೆದರು. ನನಗೆ ಬಾಯಿಮಾತಿನ ಎಚ್ಚರಿಕೆ. ಆಕೆಯ ನೋಟ್‌ಬುಕ್ ಕಂಪನಿಯ ಸ್ವತ್ತೆಂದು ಇಟ್ಟುಕೊಂಡರು. ಮುಂದೆ ಬಂದವರು ಅದನ್ನು ನೋಡಿಯೇ ಕಲಿತರು.

ನಿವೃತ್ತನಾದ ಕೆಲವು ತಿಂಗಳಿಗೆ ನೆಂಟರ ಹೊಸ ಮನೆಯ ಗೃಹಪ್ರವೇಶಕ್ಕೆ ಬಾಗಲೂರಿಗೆ ಹೋಗಿದ್ದೆ. ವಾಪಸ್ಸು ಬರಲು ಬಸ್ ಸ್ಟಾಪಿನಲ್ಲಿ ನಿಂತಿದ್ದಾಗ "ಸಾರ್" ಎಂಬ ದನಿ ಕೇಳಿತು. ಆಕೆಯೇ. ಅಲ್ಲಿ ಒಂದು ಗುಲಾಬಿ ತೋಟದಲ್ಲಿ ಹೂ ಕಟ್ಟುವ ಕೆಲಸ ಸಿಕ್ಕಿತ್ತಂತೆ. ಬೆರಳುಗಳಿಗೆಲ್ಲ ಮುಳ್ಳು ಗೀರಿದ ಗುರುತು.

"ಚೆಂದಾಗಿದ್ದೀರಾ ಸಾರ್? ಇಳ್ದೋಗಿದ್ದೀರಲ್ಲ."

ಕುಶಲ ಮಾತಾಡಿ ಆಯಿತು. ಆಮೇಲೆ ಆಕೆಯೇ ಆ ಮಾತು ತೆಗೆದರು. "ಅದು ಹೆಂಗಾಯ್ತು ಅಂತ ನಾನು ದಿನಾ ಯೋಚ್ನೆ ಮಾಡ್ತಿದ್ದೆ ಸಾರ್. ಈಗ ಗೊತ್ತಾಯ್ತು. ಬೆಳಿಗ್ಗೆ ಚೈನಾದು ಮಾಡಿದ್ನಲ್ಲ, ಊಟಕ್ಕೆ ಹೋಗೋ ಮುಂಚೆ ಸೆಟ್ಟಿಂಗು ಜಪಾನಿಗೆ ವಾಪಸ್ ಇಡ್ಬೇಕಿತ್ತು. ಮರ್ತ್ಬುಟ್ಟೆ. ಯಾರ್ ಓಪನ್ ಮಾಡಿದ್ರೂ ಅಂಗೇ ಆಗೋದು. ತಪ್ಪು ನಂದೇಯ ಸಾರ್. ನಿಮ್ಗೂ ಮಾತು ಕೇಳೋ ಅಂಗೆ ಮಾಡ್ಬುಟ್ಟೆ."

ನಾನು ಗಾಜಿಗೆ ಹಿಡಿದೇ ಇರಲಿಲ್ಲ ಎಂಬ ನಿಜ ಆಕೆಗೆ ಗೊತ್ತಿತ್ತೋ, ಗೊತ್ತಿದ್ದೂ ನನಗೊಂದು ಬಾಗಿಲು ತೆರೆದು ಕೊಟ್ಟರೋ, ಇಂದಿಗೂ ತಿಳಿಯದು. ಸ್ಟಾಪಿನಲ್ಲಿ ಬೇರೆ ಯಾರೂ ಇರಲಿಲ್ಲ. ಕಳೆದುಕೊಳ್ಳಲು ನನ್ನ ಬಳಿ ಕೆಲಸವೂ ಇರಲಿಲ್ಲ. ನಾನು ಅಂದದ್ದು ಇಷ್ಟು: "ಹೋಗ್ಲಿ ಬಿಡಮ್ಮ. ಇನ್ ಮೇಲೆ ಹುಷಾರಾಗಿರು."

ಆಕೆ ತಲೆ ಆಡಿಸಿದರು. ಬಸ್ಸು ಬಂತು, ನಾನು ಹತ್ತಿದೆ.

ಓದಲು ಬಾರದ್ದಕ್ಕೆ ಸಹಿ ಹಾಕಬಾರದು ಎಂದು ಹೊಸಬರಿಗೆ ಹೇಳಿಕೊಡುವುದು ಸುಲಭ. ನಾನೂ ಕೊನೆಯ ತಿಂಗಳುಗಳಲ್ಲಿ ಅದನ್ನೇ ಹೇಳಿಕೊಟ್ಟೆ. ಕೆಲಸ ನನಗೆ ಕಲಿಸಿದ್ದು ಅದಕ್ಕಿಂತ ಕಷ್ಟದ್ದು. ಕೈಕೆಳಗಿನವರ ಮೇಲೆ ಹೊರಿಸಿದ ತಪ್ಪನ್ನು ಅವರು ತಮ್ಮದೆಂದೇ ನಂಬಿ ಬದುಕುತ್ತಾರೆ. ಅದನ್ನು ಅವರ ತಲೆಯಿಂದ ಇಳಿಸಲು ಹೊರಿಸಿದವನು ಬಾಯಿ ಬಿಡಲೇಬೇಕು, ಬೇರೆ ಯಾರಿಂದಲೂ ಆಗುವುದಿಲ್ಲ. ಈಚೆಗೆ ಎರಡು ಸಲ ಆ ಗುಲಾಬಿ ತೋಟಕ್ಕೆ ಹೋಗಿ ಕೇಳಿದೆ. ಕೆಲಸ ಬಿಟ್ಟು ಹೋದರು, ಎಲ್ಲಿಗೆಂದು ಗೊತ್ತಿಲ್ಲ ಎಂದರು. ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ. ಆ ದಿನ ಒಂದು ಹನ್ನೆರಡಕ್ಕೆ ಆ ಕಂಪ್ಯೂಟರಿನ ಮುಂದೆ ಕೂತಿದ್ದವನು ನಾನು. ಆಕೆ ಟೈಪ್ ಮಾಡಿದ್ದರಲ್ಲಿ ಒಂದು ಗೆರೆಯೂ ತಪ್ಪಿರಲಿಲ್ಲ. ಆಕೆಯ ಹೆಸರು ಮುನಿಲಕ್ಷ್ಮಿ.