ಕಪ್ಪು ಚಿನ್ನದ ಎಂಟಕ್ಕ

ಪ್ರಯೋಗಾಲಯದಲ್ಲಿ ಎಲ್ಲರೂ ಅವಳನ್ನು ಕರೆಯುವುದು ಎಂಟಕ್ಕ ಎಂದು. ಪೆನ್ಸಿಲ್ಲಿನಷ್ಟು ದಪ್ಪದ ಎಲೆಕ್ಟ್ರೋಡ್ ಕಡ್ಡಿಗಳ ತುದಿಯನ್ನು ಬಿಳಿ ಪುಡಿ ಹಚ್ಚಿದ ಬಟ್ಟೆಯ ಮೇಲೆ ಎಂಟರ ಅಂಕಿ ಬರೆದಂತೆ ಉಜ್ಜುತ್ತಾ ಹನ್ನೊಂದು ವರ್ಷ ಸವೆಸಿದ್ದಾಳೆ, ಅದಕ್ಕೆ. "ದಿನವಿಡೀ ಉಜ್ಜೋದಕ್ಕೆ ಅಷ್ಟೊಂದು ಓದ್ಬೇಕಿತ್ತಾ? ಮನೇಲಿ ಪಾತ್ರೆ ಇರ್ಲಿಲ್ವಾ?" ಎಂದು ಅತ್ತೆ ಕೇಳುತ್ತಾರೆ. ಎಷ್ಟು ಬಿಡಿಸಿ ಹೇಳಿದರೂ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆಯೇ.

ಉಜ್ಜುವುದು ಬರೀ ಪೀಠಿಕೆ. ಕಡ್ಡಿಯ ತುದಿಯಲ್ಲಿ ಸಾಸಿವೆಗಿಂತ ತುಸು ದೊಡ್ಡ ಚಿನ್ನದ ಚುಕ್ಕಿಯಿರುತ್ತದೆ. ಅದನ್ನು ಚಿನ್ನ ಕರಗಿದ ದ್ರಾವಣದಲ್ಲಿ ಅದ್ದಿ, ಹದವಾಗಿ ವಿದ್ಯುತ್ ಹರಿಸಿದರೆ ಕಣ್ಣಿಗೆ ಕಾಣದಷ್ಟು ಸಣ್ಣ ಚಿನ್ನದ ಮುಳ್ಳುಗಳು ಬೆಳೆಯುತ್ತವೆ. ಮುಳ್ಳು ಒತ್ತಾದಷ್ಟೂ ಒಳ್ಳೆಯದು. ಜೊಲ್ಲಿನ ಒಂದು ಹನಿಯಲ್ಲಿರುವ ಸಕ್ಕರೆಯನ್ನೂ ಅವು ಹಿಡಿದು ಕೊಡುತ್ತವೆ, ಸಕ್ಕರೆ ಕಾಯಿಲೆಯವರ ಬೆರಳು ಚುಚ್ಚಿ ರಕ್ತ ತೆಗೆಯಬೇಕಿಲ್ಲ. ಒಂದೇ ತೊಡಕು. ಹೀಗೆ ಬೆಳೆದ ಚಿನ್ನ ಹೊಳೆಯುವುದಿಲ್ಲ, ಬಾಣಲೆಯ ತಳದಂತೆ ಕಪ್ಪಗಿರುತ್ತದೆ.

ಎಂಟಕ್ಕನ ನೌಕರಿ ಇನ್ನೂ ಹಂಗಾಮಿ. ಸೋಮವಾರ ಆಸ್ಪತ್ರೆಯ ವೈದ್ಯರ ಮುಂದೆ ಈ ಕಡ್ಡಿಗಳು ಪರೀಕ್ಷೆ ಗೆದ್ದರೆ ಕಾಯಂ ಮಾಡಲು ಶಿಫಾರಸು ಬರೆದುಕೊಡುವೆನೆಂದು ವಿಭಾಗದ ಮುಖ್ಯಸ್ಥರು ಮಾತು ಕೊಟ್ಟಿದ್ದರು. ಮೂರು ವಾರ ಕೂತು, ಹದ ತಪ್ಪಿದ್ದನ್ನೆಲ್ಲ ಉಜ್ಜಿ ಮತ್ತೆ ಮತ್ತೆ ಬೆಳೆಸಿ, ಆರು ಕಡ್ಡಿ ಸಿದ್ಧ ಮಾಡಿಟ್ಟಿದ್ದಳು.

ಸೋಮವಾರ ಎಂಟೂವರೆಗೆ ಬಂದು ಡಬ್ಬಿ ತೆರೆದರೆ ಆರಕ್ಕೆ ಆರೂ ಫಳಫಳ ಹೊಳೆಯುತ್ತಿವೆ. ಒಂದನ್ನು ಎತ್ತಿ ಬೆಳಕಿಗೆ ಹಿಡಿದಳು, ಕಪ್ಪಿನ ಸುಳಿವೇ ಇಲ್ಲ.

"ನೋಡಿದ್ಯಾಮ್ಮ?" ಮುಖ್ಯಸ್ಥರು ಬಾಗಿಲಲ್ಲಿ ನಗುತ್ತಾ ನಿಂತಿದ್ದರು. "ಭಾನುವಾರ ಬಂದು ನಾನೇ ಉಜ್ಜಿದೆ. ಎಂಟು ಎಂಟು, ನಿನ್ ಥರಾನೇ! ಅಷ್ಟು ಕೊಳೆ ಇಟ್ಕೊಂಡ್ರೆ ಡಾಕ್ಟ್ರುಗಳು ಏನಂದ್ಕೋತಾರೆ?"

ಕಾಗದದ ಮೇಲಿನ ಸಮೀಕರಣದಲ್ಲಿ ಆ ಮಹಾಶಯರನ್ನು ಮೀರಿಸುವವರಿಲ್ಲ. ಎಲೆಕ್ಟ್ರೋಡ್ ಕೈಯಲ್ಲಿ ಹಿಡಿದದ್ದು ಮಾತ್ರ ಅದೇ ಮೊದಲು.

"ಸರ್, ಅದು ಕೊಳೆಯಲ್ಲ. ಅದೇ ಸರ್ ಕೆಲಸ. ಮೂರು ವಾರದ್ದು."

ಅವರು ಇಂಗು ತಿಂದ ಮಂಗನಂತಾದರು. "ಡಬ್ಬಿ ಮೇಲೆ ಬರೆದಿಡಬಾರ್ದಾ?"

ಎಂಟಕ್ಕ ಮುಚ್ಚಳ ತಿರುಗಿಸಿ ತೋರಿಸಿದಳು. ಕೆಂಪು ಶಾಯಿಯಲ್ಲಿ 'ಉಜ್ಜಬೇಡಿ' ಎಂದಿತ್ತು.

"ಅದು ಕೆಲಸದವರಿಗೆ ಅಂದ್ಕೊಂಡೆ," ಎಂದರು.

ಇಂಥವರ ಜೊತೆ ಹೇಗಪ್ಪಾ ಏಗುವುದು! ವೈದ್ಯರು ಬರಲು ಮೂರೇ ಗಂಟೆ ಉಳಿದಿತ್ತು. ಬೈಗುಳ ನುಂಗಿಕೊಂಡು ದ್ರಾವಣ ಕಲಸಿದಳು. ಮೊದಲ ಕಡ್ಡಿಗೆ ಗಾಳಿಗುಳ್ಳೆ ಅಂಟಿ ಅರ್ಧ ಮಾತ್ರ ಬೆಳೆಯಿತು, ದಂಡ. ಎರಡನೆಯದು ಎಲ್ಲೆಡೆ ಸಮನಾಗಿ ಕಪ್ಪೇರಿ ಎದ್ದು ಬಂತು. ಅಷ್ಟರಲ್ಲಿ ಹೆಗಲ ಹಿಂದಿನಿಂದ ಮತ್ತೆ ಅದೇ ದನಿ: "ಇದೂ ಕಪ್ಪಾಯ್ತಲ್ಲಮ್ಮ, ಒಂಚೂರು ಒರೆಸಿದ್ರೆ..."

"ಮುಟ್ಬೇಡಿ!" ಎಂದು ಅವಳು ಕಿರುಚಿದ್ದಕ್ಕೆ ಪಕ್ಕದ ಕೋಣೆಯ ಟೈಪಿಂಗ್ ಸದ್ದೂ ನಿಂತುಹೋಯಿತು.

ವೈದ್ಯರು ಬಂದರು, ಅವರಲ್ಲಿ ಹಿರಿಯ ವೈದ್ಯೆ ಪರೀಕ್ಷೆಗೆ ತಮ್ಮದೇ ಜೊಲ್ಲು ಕೊಟ್ಟರು. ಪರದೆಯ ಮೇಲೆ ಗೆರೆ ನೆಟ್ಟಗೆ ಏರಿತು. ಮೂರು ಸಲ ಅಳೆದರೂ ಮೂರೂ ಸಲ ಅದೇ ಅಂಕಿ ಬಂತು. ಮುಖ್ಯಸ್ಥರು ಎಲ್ಲರ ಕೈಕುಲುಕಿದರು.

ಸಂಜೆ ಅವರೇ ಕರೆದು ಪತ್ರ ಕೊಟ್ಟರು. ಎಂಟಕ್ಕ ನಿಂತಲ್ಲೇ ಓದಿದಳು: 'ಸಲಕರಣೆಗಳನ್ನು ಉಜ್ಜಿ ಸ್ವಚ್ಛವಾಗಿಡುವುದರಲ್ಲಿ ಈಕೆ ನಿಪುಣೆ. ಸ್ವಚ್ಛತಾ ಸಿಬ್ಬಂದಿಯಾಗಿ ಕಾಯಂ ಮಾಡಬಹುದು.'

ಅವಳಿಗೆ ಅಳುವೂ ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಹನ್ನೊಂದು ವರ್ಷ ಕಾದ ಕಾಗದ. ಬೇಡವೆಂದರೆ ಇನ್ನೊಂದು ಸಿಗುವ ಖಾತ್ರಿಯೂ ಇಲ್ಲ. ಆದರೂ ಅದನ್ನು ಮೇಜಿನ ಮೇಲೆ ವಾಪಸ್ಸು ಇಟ್ಟಳು.

"ಯಾಕಮ್ಮ? ಹೊಗಳೇ ಬರ್ದಿದ್ದೀನಲ್ಲ!"

"ಉಜ್ಜೋದು ನಿಮಗೂ ಬರುತ್ತೆ ಸರ್, ಬೆಳಿಗ್ಗೆ ನೋಡಿದ್ವಲ್ಲ," ಎಂದಳು ಎಂಟಕ್ಕ. "ಬೆಳೆಸೋದು ನನಗೊಬ್ಬಳಿಗೇ ಬರೋದು. ಅದನ್ನ ಬರೀರಿ."

ಕುರ್ಚಿ ಎಳೆದುಕೊಂಡು ಅವರ ಎದುರೇ ಕುಳಿತಳು. ಮುಖ್ಯಸ್ಥರು ಗಡಿಯಾರ ನೋಡಿದರು, ಅವಳ ಮುಖ ನೋಡಿದರು, ಕೊನೆಗೆ ಖಾಲಿ ಹಾಳೆಯೊಂದನ್ನು ಹತ್ತಿರ ಎಳೆದುಕೊಂಡು ಕೇಳಿದರು: "ಹೇಳಮ್ಮ, ಏನಂತ ಬರೀಲಿ?"