ಅಲಕಾ ಟೀಚರ್ ಹೇಳಿದ ಕಡಲ ಹುಳಿ

ಗೋವೆಯ ಪ್ರಯೋಗಾಲಯವೊಂದರಲ್ಲಿ ಸೂಕ್ಷ್ಮದರ್ಶಕಕ್ಕೆ ಕಣ್ಣು ಹಚ್ಚಿದ ಅಲಕಾ ಸಟ್ಟನೆ ತಲೆ ಎತ್ತಿದಳು. ಕೆಳಗಿದ್ದದ್ದು ಸಾಸಿವೆ ಕಾಳಿನಷ್ಟು ಕಡಲ ಬಸವನಹುಳು. ಮುಂದೆ ಕಡಲು ಎಷ್ಟು ಹುಳಿಯಾದೀತೆಂದು ವಿಜ್ಞಾನಿಗಳು ಅಂಜುತ್ತಾರೋ, ಅಷ್ಟೇ ಹುಳಿಯ ನೀರಿನಲ್ಲಿ ಅದನ್ನು ಇಟ್ಟಿದ್ದರು. ಗಾಜಿನಂತಿರಬೇಕಾದ ಚಿಪ್ಪು ಮಬ್ಬಾಗಿ, ಅಲ್ಲಲ್ಲಿ ತೂತು ಬಿದ್ದಿತ್ತು. ಒಳಗಿನ ಜೀವ ಇನ್ನೂ ಮಿಸುಕುತ್ತಿತ್ತು.

ಕಬನೂರಿನ ಜೈನ ಮನೆತನದ ಅಲಕಾ ಗಡಹಿಂಗ್ಲಜದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ತರಬೇತಿಗೆಂದು ಹೋಗಿ ಇದನ್ನು ಕಂಡಿದ್ದಳು. ಊರಿಗೆ ಬಂದ ಮೇಲೆ ಸುಮ್ಮನಿರಲಾಗಲಿಲ್ಲ. ಕೊಲ್ಹಾಪುರದ ಕಾಲೇಜಿನಲ್ಲಿ ಹೇಳಿದಳು. ಹುಡುಗರು ಅಂಕಿಸಂಖ್ಯೆ ಬರೆದುಕೊಂಡು ಎದ್ದುಹೋದರು. ಬಿದ್ರಿಯ ಕಬ್ಬಿನ ರೈತರು ಸಮುದ್ರವೆಲ್ಲಿ, ನಾವೆಲ್ಲಿ ಎಂದು ನಕ್ಕರು.

ಚಾತುರ್ಮಾಸದಲ್ಲಿ ಕೊರೋಚಿಯ ಬಸದಿಯಿಂದ ಮಾತಾಡಲು ಕರೆ ಬಂತು. ಈ ಸಲ ಅವಳು ಒಯ್ದದ್ದು ಶಾಲೆಯ ನೀಲಿ ದ್ರಾವಣ ಬೆರೆಸಿದ ಒಂದು ಗ್ಲಾಸು ನೀರು ಮತ್ತು ಸ್ಟ್ರಾ ಮಾತ್ರ. ಮುಂದಿನ ಸಾಲಿನಲ್ಲಿ ಅವಳ ಅಣ್ಣ ಧರಣೇಂದ್ರ ಕೂತಿದ್ದ. ಮಗ್ಗದ ನೂಲಿಗೆ ಗಂಜಿ ಹಾಕುವ, ಕಲ್ಲಿದ್ದಲಿನ ಬಾಯ್ಲರ್ ಇರುವ ಸೈಜಿಂಗ್ ಕಾರ್ಖಾನೆ ಅವನದು. ನೀರನ್ನು ಸೋಸದೆ ಕುಡಿದವನಲ್ಲ. ಸೋಸಿದ ಬಟ್ಟೆಯನ್ನು ಬಾವಿಯಲ್ಲೇ ಜಾಲಿಸಿ, ಕಣ್ಣಿಗೆ ಕಾಣದ ಜೀವಗಳನ್ನೂ ತಿರುಗಿ ಬಿಡುವವನು.

"ಅಣ್ಣಾ, ಇದರಾಗ ಊದು. ಒಳಗ ಎಳಕೋಬ್ಯಾಡ ಮತ್ತ."

ಧರಣೇಂದ್ರ ನಗುತ್ತಲೇ ಊದಿದ. ನೀಲಿ ಹಸಿರಾಯಿತು, ನೋಡನೋಡುತ್ತ ಹಳದಿಯಾಯಿತು. ಅವನ ನಗು ನಿಂತಿತು.

"ಇದೇನ ಅಲಕಾ? ನನ್ನ ಉಸುರಿಂದ ಆತೇನ?"

"ಹೌದು. ಉಸುರಿನ್ಯಾಗಿನ ಇಂಗಾಲದ ಗಾಳಿ ನೀರಿಗೆ ಸೇರಿ ಹುಳಿ ಆತು, ಅದಕ್ಕ ಬಣ್ಣ ಬದಲಾತು. ಉಸುರು ದೊಡ್ಡ ಮಾತಲ್ಲ. ಕಲ್ಲಿದ್ದಲಿ ಸುಟ್ರೂ ಅದ ಗಾಳಿ ಬರತೈತಿ, ಅದೂ ರಾಶಿಗಟ್ಲೆ. ಅದರಾಗಿನ ಒಂದು ಪಾಲು ಸಮುದ್ರ ಕುಡೀತೈತಿ. ಹಿಂಗ ಗಡಾನ ಅಲ್ಲ, ಭಾಳ ಸಾವಕಾಶ. ಆದ್ರ ಅಷ್ಟಕ್ಕ ಸಣ್ಣ ಜೀವಕ್ಕ ಚಿಪ್ಪು ಕಟ್ಕೊಳ್ಳೂದು ಕಠಿಣ ಆಗತೈತಿ."

ಆಮೇಲೆ ಗೋವೆಯಲ್ಲಿ ಕಂಡದ್ದನ್ನು ಹೇಳಿದಳು. ಹೆಂಗಸರು ಸೆರಗು ಬಾಯಿಗೊತ್ತಿಕೊಂಡರು.

"ನಮ್ಮ ಬಾಯ್ಲರ್ ಹೊಗಿಯಿಂದನೂ?" ಧರಣೇಂದ್ರ ಕೇಳಿದ.

ಅಲಕಾಗೆ ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಹೌದಣ್ಣಾ."

ಅವನು ಗ್ಲಾಸು ಕೆಳಗಿಟ್ಟು, ಚಪ್ಪಲಿಯನ್ನೂ ಮೆಟ್ಟದೆ ಹೊರಟುಹೋದ.

ಅಂದು ಊಟ ಮಾಡಲಿಲ್ಲವಂತೆ. ಅಲಕಾ ಫೋನ್ ಮಾಡಿದರೆ ಎತ್ತಲಿಲ್ಲ. ಕೆಲವು ದಿನ ಕಳೆದು ತಾನೇ ಗಡಹಿಂಗ್ಲಜಕ್ಕೆ ಬಂದ.

"ಬಂದ್ ಮಾಡಿದ್ರ ಕೆಲಸದವರ ಮನಿ ಒಲಿ ಆರತಾವು. ನಡಸಿದ್ರ ಆ ಸಣ್ಣ ಜೀವ..." ಅಳು ಒತ್ತರಿಸಿ ಬಂತು. ಭುಜ ಅಲುಗತೊಡಗಿತು.

ಅಪ್ಪ ಸತ್ತಾಗಲೂ ಅಳದ ಅಣ್ಣ! ಜನರನ್ನು ಹೆದರಿಸಿ ದಾರಿ ತೋರಿಸದೆ ಎದ್ದು ಬಂದಿದ್ದೆನಲ್ಲ ಎಂದು ಅಲಕಾಗೆ ಆಗ ಹೊಳೆಯಿತು. ಇಬ್ಬರೂ ಕೂಡಿ ಕಾರ್ಖಾನೆ ಸುತ್ತಿದರು. ಉಗಿ ಸೋರುತ್ತಿದ್ದ ಕೊಳವೆಗಳನ್ನು ರಿಪೇರಿ ಮಾಡಿಸಿ, ಶಾಖ ಹೊರಹೋಗದಂತೆ ಸುತ್ತಿಸಿದರು. ಕಲ್ಲಿದ್ದಲು ಕಡಿಮೆಯಾಯಿತು.

"ಇಷ್ಟಕ್ಕ ಸಮುದ್ರ ಉಳಿಯಂಗಿಲ್ಲ ಅಣ್ಣಾ."

"ಗೊತ್ತೈತಿ. ಉಳಿದವರಿಗೂ ಹೇಳು."

ಇಚಲಕರಂಜಿಯಲ್ಲಿ ಸೈಜಿಂಗ್ ಮಾಲೀಕರನ್ನು ಅವನೇ ಕೂಡಿಸಿದ. ಅಲಕಾ ಬಾಯಿ ತೆರೆಯುವಷ್ಟರಲ್ಲಿ ಜಿನೇಶ ಎಂಬ ಮಾಲೀಕ ಸಿಟ್ಟಿನಿಂದ ಎದ್ದು ಬಾಗಿಲಿಗೆ ಹೊರಟ. "ನಿಮ್ಮ ತಂಗಿ ನಮ್ಮ ಧಂದಾ ಮುಳಗಸ್ತಾಳ್ರಿ!"

"ಕೂಡ್ರಿ ಜಿನೇಶ," ಧರಣೇಂದ್ರ ಬಾಗಿಲಿಗೆ ಅಡ್ಡ ನಿಂತ. "ಪೂರಾ ಕೇಳ್ರಿ. ಆಮ್ಯಾಲ ನಿದ್ದಿ ಬರಲಿಲ್ಲಂದ್ರ ನನಗ ಫೋನ್ ಮಾಡ್ರಿ, ನಾನೂ ಎಚ್ಚರ ಇರ್ತೇನಿ."

ಜಿನೇಶ ಕೂತ. ಅಲಕಾ ಮಾತು ಶುರುಮಾಡಿದಳು.